ಕಪ್ಪುತಲೆ ಹುಳದಿಂದ ಕೊಬ್ಬರಿ ಮಂಡಿಯವರೆಗೆ

ತೆಂಗಿನ ಗರಿ ಒಣಗುವುದಕ್ಕೆ ಕಾರಣ ಬೇಕಾದಷ್ಟಿವೆ. ನೀರು ಸಾಲದೆ ಒಣಗುತ್ತದೆ, ವಯಸ್ಸಾಗಿ ಒಣಗುತ್ತದೆ, ಅಣಬೆ ರೋಗ ಬಂದರೂ ಒಣಗುತ್ತದೆ. ಆದರೆ ಕಪ್ಪುತಲೆ ಹುಳ ಹತ್ತಿದ ತೋಟದ ಬಣ್ಣವೇ ಬೇರೆ. ಕೆಳಗಿನ ಗರಿಗಳೆಲ್ಲ ಬೆಂಕಿಯ ಝಳ ಹೊಡೆದ ಹಾಗೆ ಕಂದಾಗುತ್ತವೆ. ಸುಳಿಯ ಹತ್ತಿರದ ನಾಲ್ಕಾರು ಗರಿ ಮಾತ್ರ ಹಸಿರಾಗಿ ಉಳಿದಿರುತ್ತವೆ.

2019ರ ಬೇಸಿಗೆಯಲ್ಲಿ ನಮ್ಮ ತೋಟ ಹಾಗಾಯಿತು. ನಮ್ಮದು ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಹೋಬಳಿ. ತೆಂಗೇ ಮುಖ್ಯ ಬೆಳೆ, ಸಾಲಿನ ನಡುವೆ ಹುರುಳಿ, ಅಲಸಂದೆ, ಮನೆ ಮಟ್ಟಿಗೆ ರಾಗಿ. ನಮ್ಮೆಜಮಾನ್ರು ತುಮಕೂರಿನ ಹತ್ತಿರ ಕಾರ್ಖಾನೆ ಕೆಲಸದಲ್ಲಿದ್ದಾರೆ. ತೋಟ ನೋಡಿಕೊಳ್ಳುವುದು ನಾನು, ನಮ್ಮತ್ತೆ. ಹುಳ ಹತ್ತಿದ್ದು, ಆ ಹುಳವನ್ನು ಕೊಲ್ಲುವ ಇನ್ನೊಂದು ಹುಳ ತಂದು ಬಿಟ್ಟಿದ್ದು, ಮರ ಚೇತರಿಸಿಕೊಂಡಿದ್ದು, ಆ ಮರದ ಕೊಬ್ಬರಿ ಮಂಡಿಗೆ ಹೋಗಿದ್ದು, ಇದನ್ನೆಲ್ಲ ಒಂದು ಕಡೆ ಬರೆದಿಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಈಗ ಸುತ್ತಮುತ್ತಲ ತೋಟಗಳಲ್ಲಿ ಮತ್ತೆ ಗರಿ ಒಣಗುತ್ತಿವೆ. ಕೇಳುವವರೂ ಜಾಸ್ತಿಯಾಗಿದ್ದಾರೆ.

ಮೊದಮೊದಲು ಎಲ್ಲರೂ ಬರಗಾಲದ ಮೇಲೆ ಹಾಕಿದರು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಕೊಳವೆಬಾವಿಯಲ್ಲಿ ನೀರು ಇಳಿದಿತ್ತು, ಹಾಗಾಗಿ ಆ ಮಾತು ನಂಬುವ ಹಾಗೇ ಇತ್ತು. ಅತ್ತೆ ಮಾತ್ರ ಒಪ್ಪಲಿಲ್ಲ. "ನೀರಿಲ್ದೆ ಒಣಗೋ ಗರಿ ಜೋತು ಬೀಳ್ತೈತೆ ಕಣಮ್ಮ. ಇದು ನಿಂತ ಹಾಗೇ ಒಣಗೈತೆ. ಒಂದು ಗರಿ ಇಳಿಸಿ ತಿರುಗಿಸಿ ನೋಡು" ಅಂದರು. ಮರ ಹತ್ತುವ ಹುಡುಗನಿಗೆ ಹೇಳಿ ಅರ್ಧ ಒಣಗಿದ ಒಂದು ಗರಿ ಕೊಯ್ಸಿದೆ.

ಗರಿಯ ಮೇಲ್ಭಾಗದಲ್ಲಿ ಬರೀ ಕಂದು ಮಚ್ಚೆಗಳು. ತಿರುಗಿಸಿದರೆ ಪೂರ್ತಿ ಬೇರೆ ಲೋಕ. ಒಂದೊಂದು ಎಲೆಯ ಅಡಿಯಲ್ಲೂ ನಡುದಿಂಡಿನ ಪಕ್ಕದಲ್ಲೇ ಉದ್ದಕ್ಕೆ ಒಂದು ಸುರಂಗ. ನೂಲು ನೇಯ್ದು, ಅದಕ್ಕೆ ತನ್ನದೇ ಹಿಕ್ಕೆಯ ಕಾಳು ಅಂಟಿಸಿ, ಹುಳ ತಾನೇ ಕಟ್ಟಿಕೊಂಡ ಮನೆ ಅದು. ಉಗುರಿನಿಂದ ಮೆಲ್ಲಗೆ ಬಿಡಿಸಿದಾಗ ಒಳಗಿಂದ ತಿಳಿಹಸಿರು ಮೈಯ, ಉದ್ದಕ್ಕೆ ಕಂದು ಗೆರೆಗಳ, ಕಪ್ಪು ತಲೆಯ ಹುಳ ಸರ್ರನೆ ಹಿಂದಕ್ಕೆ ಸರಿಯಿತು. ಎಲೆಯನ್ನು ಬಿಸಿಲಿಗೆ ಹಿಡಿದೆ. ಹಸಿರೆಲ್ಲ ಕೆರೆದು ತಿಂದು, ಮೇಲಿನ ತೆಳು ಸಿಪ್ಪೆ ಮಾತ್ರ ಬಿಟ್ಟಿತ್ತು. ಆ ಸಿಪ್ಪೆಯ ಮೂಲಕ ನನ್ನ ಬೆರಳ ನೆರಳು ಕಾಣುತ್ತಿತ್ತು.

ಮರ ಅನ್ನ ಮಾಡಿಕೊಳ್ಳುವುದೇ ಆ ಹಸಿರಿನಲ್ಲಿ. ಅದು ಹೋದರೆ ಕಾಯಿ ಎಲ್ಲಿಂದ ತುಂಬಬೇಕು?

ಈ ಹುಳದ ತಾಯಿ ಒಂದು ಬೂದು ಬಣ್ಣದ ಸಣ್ಣ ಪತಂಗ. ರಾತ್ರಿ ಹಾರಾಡುತ್ತದೆ, ಎಲೆಯಡಿಯಲ್ಲಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆಯುವುದಕ್ಕೆ ಹೆಚ್ಚುಕಮ್ಮಿ 5 ದಿನ, ಹುಳವಾಗಿ ಮೇಯುವುದು ಸುಮಾರು 40 ದಿನ, ಸುರಂಗದೊಳಗೇ ಕೋಶವಾಗಿ ಮಲಗುವುದು ಹತ್ತು ಹನ್ನೆರಡು ದಿನ. ಅಂದರೆ ಹೆಚ್ಚುಕಮ್ಮಿ ಎರಡು ತಿಂಗಳಿಗೊಂದು ತಲೆಮಾರು, ವರ್ಷಕ್ಕೆ ಐದಾರು. ಜನವರಿಯಿಂದ ಮೇವರೆಗೆ ಜೋರು. ಮಳೆ ಹಿಡಿದ ಮೇಲೆ ತಾನಾಗಿಯೇ ಇಳಿಯುತ್ತದೆ. ಇಳಿಯಿತು ಅಂತ ನಾವು ಮರೆಯುತ್ತೇವೆ, ಮುಂದಿನ ಬೇಸಿಗೆಗೆ ಅದು ಮತ್ತೆ ಏಳುತ್ತದೆ.

ಊರಿನಲ್ಲಿ ಇದಕ್ಕೆ ಆಗ ಇದ್ದ ಮದ್ದು ಬೇರಿಗೆ ಔಷಧಿ ಕಟ್ಟುವುದು. ಎಳೆಯ ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕ ಹಾಕಿ ಬೇರಿಗೆ ಕಟ್ಟುವುದು. ಮರ ಅದನ್ನು ಹೀರಿ ಗರಿಯವರೆಗೂ ಒಯ್ಯುತ್ತದೆ. ಕಟ್ಟಿದ ಮೇಲೆ 45 ದಿನ ಕಾಯಿ ಕೀಳಬಾರದು, ಎಳನೀರು ಕುಡಿಯಬಾರದು. ಕೆಲವರು ಪಾಲಿಸುತ್ತಿದ್ದರು, ಕೆಲವರು ಇಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದರೆ ಮೊದಲು ಕೇಳುವುದೇ ಎಳನೀರು. ನನಗೆ ಧೈರ್ಯ ಬರಲಿಲ್ಲ. ಆಮೇಲೆ 2023ರಲ್ಲಿ ಕೇಂದ್ರ ಸರ್ಕಾರವೇ ಆ ಔಷಧಿ ನಿಲ್ಲಿಸುವುದಕ್ಕೆ ಆದೇಶ ಮಾಡಿತು. ಈಗ ಬೇರಿಗೆ ಕಟ್ಟಬೇಕಾದರೂ ಬೇವಿನ ಅಂಶದ ಔಷಧಿಯನ್ನೇ ಹೇಳುತ್ತಾರೆ. ಮರದ ಮೇಲಕ್ಕೆ ಸಿಂಪಡಿಸೋಣ ಅಂದರೆ ಐವತ್ತು ಅಡಿ ಎತ್ತರಕ್ಕೆ, ಎಲೆಯ ಅಡಿಗೆ, ಅದೂ ಸುರಂಗದ ಒಳಕ್ಕೆ ಔಷಧಿ ತಲುಪಬೇಕು. ಅದು ಆಗುವ ಮಾತಲ್ಲ.

ತೋಟಗಾರಿಕೆ ಇಲಾಖೆಯವರನ್ನು ಕೇಳಿದಾಗ ಅವರು ಪರೋಪಜೀವಿ ಪ್ರಯೋಗಾಲಯದ ದಾರಿ ತೋರಿಸಿದರು. ಅಲ್ಲಿ ಸಾಕುವುದು ಗೋನಿಯೋಜಸ್ ಅನ್ನುವ ಸಣ್ಣ ಕಣಜ. ನಮ್ಮೂರಿನ ಬಾಯಲ್ಲಿ ಅದು ಈಗ 'ಗೋನಿ ಹುಳ'.

ಪ್ರಯೋಗಾಲಯ ಅಂದರೆ ದೊಡ್ಡ ಯಂತ್ರಗಳಿರುತ್ತವೆ ಅಂದುಕೊಂಡು ಹೋದೆ. ಅಲ್ಲಿದ್ದಿದ್ದು ಕಪಾಟಿನ ತುಂಬಾ ಮುಚ್ಚಿದ ಟ್ರೇಗಳು. ಒಳಗೆ ಒಡೆದ ಸಜ್ಜೆ, ಕಡಲೆಕಾಯಿ ಪುಡಿ. ಅದರಲ್ಲಿ ಬೆಳೆಯುತ್ತಿದ್ದದ್ದು ನಮ್ಮ ಅಡುಗೆಮನೆಯ ಹಳೇ ಶತ್ರು, ಅಕ್ಕಿ ರವೆಗಳಲ್ಲಿ ಬಲೆ ಕಟ್ಟಿ ಗಂಟು ಮಾಡುವ ಅಕ್ಕಿ ಪತಂಗದ ಹುಳ. ಗೋನಿಗೆ ಇದೇ ಊಟ. ಕಪ್ಪುತಲೆ ಹುಳವನ್ನು ವರ್ಷವಿಡೀ ಸಾಕುವುದು ಕಷ್ಟ, ಅಕ್ಕಿ ಹುಳ ಸಾಕುವುದು ಸುಲಭ. ಅದಕ್ಕೇ ಈ ದಾರಿ.

ಅಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ನನಗೆ ಲೆನ್ಸ್ ಕೊಟ್ಟು ಒಂದು ಗಾಜಿನ ಟ್ಯೂಬ್ ಕೈಗಿಟ್ಟಳು. ಬಾಯಿಗೆ ಹತ್ತಿ, ಒಳಗೆ ಕಾಗದದ ಚೂರಿನ ಮೇಲೆ ಜೇನುತುಪ್ಪದ ಒಂದು ಗೀಟು. ಕಣಜ ಎರಡು ಮೂರು ಮಿಲಿಮೀಟರ್ ಇರಬಹುದು, ಕಪ್ಪಗೆ ಹೊಳೆಯುತ್ತಿತ್ತು. ರೆಕ್ಕೆ ಗಮನಿಸದಿದ್ದರೆ ಇರುವೆ ಅಂತಲೇ ಹೇಳಬೇಕು. ಅದು ಹುಳದ ಮೈಮೇಲೆ ಹತ್ತಿ, ಬೆನ್ನು ಬಗ್ಗಿಸಿ ಚುಚ್ಚಿತು. ಹುಳ ಒದ್ದಾಡಿತು, ಉರುಳಿತು. ಕಣಜ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹುಳದ ಚಲನೆ ನಿಂತಿತು. ಸತ್ತಿಲ್ಲ, ಮರಗಟ್ಟಿದೆ ಅಷ್ಟೆ ಅಂತ ಅವಳು ಹೇಳಿದಳು. ಸತ್ತರೆ ಕೊಳೆತು ಹೋಗುತ್ತದೆ, ಮರಿಗಳಿಗೆ ತಾಜಾ ಊಟ ಸಿಗುವುದಿಲ್ಲ.

ಪಕ್ಕದ ಟ್ಯೂಬಿನಲ್ಲಿ ಕೆಲಸ ಮುಂದಿನ ಹಂತಕ್ಕೆ ಬಂದಿತ್ತು. ಮರಗಟ್ಟಿದ ಹುಳದ ಬೆನ್ನ ಮೇಲೆ ಬಿಳಿ ಮೊಟ್ಟೆಗಳನ್ನು ಜೋಡಿಸಿ ಇಟ್ಟಿತ್ತು. ಇನ್ನೊಂದರಲ್ಲಿ ಮರಿಗಳು ಹೊರಗಿನಿಂದಲೇ ಅಂಟಿಕೊಂಡು ಹೀರುತ್ತಿದ್ದವು. ಮತ್ತೊಂದರಲ್ಲಿ ಹುಳದ ಒಣ ಚರ್ಮ ಮಾತ್ರ ಉಳಿದಿತ್ತು, ಪಕ್ಕದಲ್ಲಿ ಕಂದು ಗೂಡುಗಳ ಗೊಂಚಲು. ನನ್ನ ಕಣ್ಣು ಹೋಗಿದ್ದು ಒಂದೇ ಕಡೆ. ಎಲ್ಲ ಟ್ಯೂಬಿನಲ್ಲೂ ತಾಯಿ ಕಣಜ ಅಲ್ಲೇ ಇತ್ತು. ಮೊಟ್ಟೆ ಇಟ್ಟು ಹಾರಿಹೋಗುವ ಜಾತಿ ಇದಲ್ಲ. ಮರಿಗಳು ಗೂಡು ಕಟ್ಟುವವರೆಗೂ ಕಾವಲಿರುತ್ತದೆ, ಬೇರೆ ಕಣಜ ಬಂದರೆ ಅಟ್ಟುತ್ತದೆ. ಅಷ್ಟು ಸಣ್ಣ ಜೀವಕ್ಕೆ ಇಷ್ಟು ಜವಾಬ್ದಾರಿ ಇರುತ್ತದೆ ಅಂತ ನಾನು ಎಂದೂ ಯೋಚಿಸಿರಲಿಲ್ಲ. ಅವತ್ತು ಬಸ್ಸಿನಲ್ಲಿ ವಾಪಸ್ ಬರುವಾಗಲೂ ಅದೇ ತಲೆಯಲ್ಲಿತ್ತು.

ಆದರೆ ಈ ಕಾವಲಿನಿಂದಲೇ ಒಂದು ಮಿತಿಯೂ ಇದೆ. ಒಂದು ಸಂಸಾರಕ್ಕೆ ಅಷ್ಟು ದಿನ ಕಟ್ಟಿಬಿದ್ದ ಕಣಜ ತನ್ನ ಜೀವಮಾನದಲ್ಲಿ ಕೆಲವೇ ಹುಳಗಳನ್ನು ಮುಗಿಸಬಲ್ಲದು. ಹಾಗಾಗಿ ಮರಕ್ಕೆ 10ರಿಂದ 20 ಕಣಜ ಬೇಕು, 15 ದಿನ ಬಿಟ್ಟು ಮತ್ತೆ, ಹೀಗೆ ನಾಲ್ಕು ಸಲ ಬಿಡಬೇಕು. ಎಲ್ಲ ವಯಸ್ಸಿನ ಹುಳವೂ ಅದಕ್ಕೆ ಆಗುವುದಿಲ್ಲ. ಮೊಟ್ಟೆಯಿಂದ ಈಗ ತಾನೇ ಹೊರಬಂದ ಮರಿಹುಳ ಸಾಲದು, ಸ್ವಲ್ಪ ಬಲಿತದ್ದಿರಬೇಕು. ತೋಟದಲ್ಲಿ ಬರೀ ಕೋಶಗಳೋ ಪತಂಗಗಳೋ ಇರುವ ಹೊತ್ತಿಗೆ ಬಿಟ್ಟರೆ ಕಣಜಕ್ಕೆ ಊಟವಿಲ್ಲ. ನಮ್ಮ ಕಡೆ ಒಂದು ತೋಟದ ಹುಳಗಳೆಲ್ಲ ಹೆಚ್ಚುಕಮ್ಮಿ ಒಂದೇ ವಯಸ್ಸಿನಲ್ಲಿರುತ್ತವೆ. ಆದ್ದರಿಂದ ಗರಿ ಇಳಿಸಿ, ಸುರಂಗ ಬಿಡಿಸಿ, ಒಳಗೇನಿದೆ ಅಂತ ನೋಡಿಯೇ ದಿನ ಗೊತ್ತು ಮಾಡಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಕಣಜ ಬಿಟ್ಟೆವು, ಏನೂ ಆಗಲಿಲ್ಲ ಅನ್ನುವವರಲ್ಲಿ ಬಹಳ ಜನ ಒಳಗೆ ನೋಡದೆ ಬಿಟ್ಟವರು.

ಇಷ್ಟೆಲ್ಲ ಸುಲಭದ ಭಾಗ. ಕಷ್ಟ ಇದ್ದದ್ದು ಅಕ್ಕಪಕ್ಕದ ತೋಟಗಳಲ್ಲಿ.

ಪತಂಗಕ್ಕೆ ಬೇಲಿ ಗೊತ್ತಿಲ್ಲ. ನಮ್ಮ ಮರಕ್ಕೆ ಮಾತ್ರ ಕಣಜ ಬಿಟ್ಟರೆ ಪಕ್ಕದ ತೋಟದಿಂದ ಹುಳ ಮತ್ತೆ ಬರುತ್ತದೆ. ಸುತ್ತಲಿನವರು ಒಟ್ಟಿಗೆ ಬಿಡಬೇಕು ಅಂತ ಪ್ರಯೋಗಾಲಯದವರು ಹೇಳಿ ಕಳಿಸಿದ್ದರು. ನಾನು ಮೊದಲು ಹೋಗಿದ್ದು ಪಕ್ಕದ ತೋಟದ ದೊಡ್ಡಪ್ಪನ ಹತ್ತಿರ. ಸಂಬಂಧದಲ್ಲಿ ಮಾವನವರ ದಾಯಾದಿ, ಊರಿನಲ್ಲಿ ಮಾತು ನಡೆಯುವವರು.

"ಹುಳ ಸಾಲ್ದು ಅಂತ ಇನ್ನೊಂದು ಹುಳ ತಂದು ಬಿಡ್ತೀಯೇನಮ್ಮ?" ಅಂದರು. "ನಾಳೆ ಅದು ನಮ್ಮ ರೇಷ್ಮೆ ಹುಳಕ್ಕೆ ಬಿದ್ರೆ ಯಾರು ಜವಾಬ್ದಾರಿ? ಊಜಿ ಬಂದು ಎಷ್ಟು ಮನೆ ಚಂದ್ರಿಕೆ ಖಾಲಿಯಾದ್ವು ಅಂತ ನಾನು ಕಂಡಿದೀನಿ."

ಆ ಪ್ರಶ್ನೆಯಲ್ಲಿ ಅರ್ಥವಿತ್ತು. ಊಜಿ ನೊಣವೂ ಇನ್ನೊಂದು ಹುಳದ ಮೇಲೆ ಮೊಟ್ಟೆ ಇಟ್ಟು ಬದುಕುವಂಥದ್ದೇ. ರೇಷ್ಮೆ ಹುಳ ಗೂಡು ಕಟ್ಟುವ ತಟ್ಟಿಯೇ ಚಂದ್ರಿಕೆ, ಅದು ಖಾಲಿಯಾಗುವ ಏಟು ರೇಷ್ಮೆ ಸಾಕಿದವರಿಗೆ ಚೆನ್ನಾಗಿ ಗೊತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಕೇಳಿಕೊಂಡು ಬಂದೆ. ಗೋನಿ ಹುಡುಕುವುದು ಬಲೆಯೊಳಗೆ, ಸುರಂಗದೊಳಗೆ ಅಡಗಿರುವ ಸಣ್ಣ ಹುಳಗಳನ್ನು. ಆ ಸುರಂಗದ ವಾಸನೆ ಹಿಡಿದೇ ಅದು ಹೋಗುತ್ತದೆ. ತಟ್ಟೆಯಲ್ಲಿ ಬಯಲಾಗಿ ಸೊಪ್ಪು ಮೇಯುವ ರೇಷ್ಮೆ ಹುಳ ಅದರ ಬೇಟೆಯಲ್ಲ. ಊಜಿ ನೊಣದ ಜಾತಿ, ಇದು ಕಣಜದ ಜಾತಿ. ದೊಡ್ಡಪ್ಪ ಪೂರ್ತಿ ನಂಬಲಿಲ್ಲ, ತಾನೂ ಬಂದು ನೋಡುತ್ತೇನೆ ಅಂದರು. ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಲೆನ್ಸ್ ಹಿಡಿದು ತುಂಬಾ ಹೊತ್ತು ನೋಡಿದರು. ಹೊರಗೆ ಬಂದ ಮೇಲೆ ಒಂದೇ ಮಾತು: "ನಂದೂ ಬರ್ಕೊ."

ಅವರು ಒಪ್ಪಿದ ಮೇಲೆ ಉಳಿದವರು ಒಬ್ಬೊಬ್ಬರಾಗಿ ಬಂದರು. ಒಪ್ಪದೆ ಉಳಿದವರಲ್ಲಿ ಹೆಚ್ಚಿನವರು ಊರಲ್ಲಿಲ್ಲದವರು. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡು ಕಾಯಿ ಕೀಳುವ ಹೊತ್ತಿಗೆ ಮಾತ್ರ ಬಂದು ಹೋಗುವ ಮಾಲೀಕರು. ಒಬ್ಬರಿಗೆ ಫೋನ್ ಮಾಡಿದರೆ "ನೋಡೋಣಮ್ಮ, ಈ ಸಲ ಬಂದಾಗ ಮಾತಾಡೋಣ" ಅನ್ನುತ್ತಿದ್ದರು. ಅವರ ತೋಟ ಸರಿಯಾಗಿ ನಮ್ಮ ಮೂಡಣ ಬೇಲಿಗೇ ಅಂಟಿಕೊಂಡಿದೆ. ಆ ವರ್ಷ ಅವರು ಬರಲೇ ಇಲ್ಲ, ಆ ಬದಿಯ ಸಾಲು ನಮಗೆ ಕೊನೆಯವರೆಗೂ ಕಾಟ ಕೊಟ್ಟಿತು.

ಕಣಜ ಬಿಡುವ ಮೊದಲು ಪೂರ್ತಿ ಹುಳ ತುಂಬಿದ ತಳದ ಗರಿಗಳನ್ನು ಕಡಿದು ಸುಟ್ಟೆವು. ಬಿಟ್ಟ ಮೇಲೆ ಸುಡುವ ಹಾಗಿಲ್ಲ, ಯಾಕೆಂದರೆ ಸುರಂಗದೊಳಗೆ ಕಣಜದ ಗೂಡುಗಳೂ ಇರುತ್ತವೆ. ಅರ್ಧ ಹಸಿರಿರುವ ಗರಿಯನ್ನು ಮುಟ್ಟಬಾರದು, ಮರಕ್ಕೆ ಆ ಅರ್ಧವೂ ಬೇಕು.

ಟ್ಯೂಬುಗಳನ್ನು ಬಟ್ಟೆ ಚೀಲದಲ್ಲಿ ತಂದು, ಬಿಸಿಲು ತಾಗದ ಹಾಗೆ ಒಳಮನೆಯಲ್ಲಿಟ್ಟೆ. ಹಿಂದಿನ ದಿನ ಪ್ರಯೋಗಾಲಯದವರು ಹೇಳಿಕೊಟ್ಟ ಒಂದು ಕೆಲಸ ಮಾಡಿದೆ. ನಮ್ಮದೇ ತೋಟದ ಗರಿಯಿಂದ ಸುರಂಗದ ಚೂರು, ಹಿಕ್ಕೆ ಸಮೇತ, ಟ್ಯೂಬಿನೊಳಗೆ ಇಡುವುದು. ಅಕ್ಕಿ ಹುಳ ತಿಂದು ಬೆಳೆದ ಕಣಜಕ್ಕೆ ಕಪ್ಪುತಲೆ ಹುಳದ ವಾಸನೆ ಗೊತ್ತಾಗಬೇಕಲ್ಲ, ಅದಕ್ಕೆ. ಜೇನುತುಪ್ಪ ಕುಡಿದು, ವಾಸನೆ ಕಲಿತು, ಹೊಟ್ಟೆ ತುಂಬಿದ ಕಣಜ ಮರಕ್ಕೆ ಹೋದ ಕೂಡಲೇ ಹುಡುಕುವುದಕ್ಕೆ ಶುರು ಮಾಡುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಒಂದೊಂದು ಮರದ ಕಾಂಡಕ್ಕೂ ಟ್ಯೂಬ್ ಒರಗಿಸಿ ಹತ್ತಿ ತೆಗೆದೆವು. ಕೆಲವು ಕಾಂಡ ಹಿಡಿದು ನಡೆದುಕೊಂಡೇ ಮೇಲೆ ಹೋದವು, ಕೆಲವು ಹಾರಿದವು. ಮಕ್ಕಳು ಟಾರ್ಚ್ ಹಿಡಿದುಕೊಂಡು ಮರ ಮರಕ್ಕೂ ಬಂದರು. ಅತ್ತೆ ಎಲ್ಲ ಮರಕ್ಕೂ ಅರಿಶಿನ ಕುಂಕುಮ ಹಚ್ಚಿಯೇ ಹುಳ ಬಿಡಿಸಿದರು.

ಮೊದಲ ಸಲ ಬಿಟ್ಟಾಗ ಹೊರಗಿನಿಂದ ಏನೂ ಗೊತ್ತಾಗಲಿಲ್ಲ. ಒಣಗಿದ ಗರಿ ಮತ್ತೆ ಹಸಿರಾಗುವುದಿಲ್ಲ, ಆದ್ದರಿಂದ ನೆಲದಿಂದ ಕತ್ತೆತ್ತಿ ನೋಡಿ ತೀರ್ಮಾನ ಮಾಡುವುದಕ್ಕೆ ಬರುವುದಿಲ್ಲ. ಗರಿ ಇಳಿಸಿ ಸುರಂಗ ಬಿಡಿಸಬೇಕು. ಎರಡನೇ ಸಲ ಬಿಟ್ಟ ಮೇಲೆ ಇಳಿಸಿದ ಗರಿಯಲ್ಲಿ ಕೆಲವು ಸುರಂಗಗಳೊಳಗೆ ಆ ಕಂದು ಗೂಡಿನ ಗೊಂಚಲು ಕಂಡಿತು. ಆಮೇಲಾಮೇಲೆ ಜಾಸ್ತಿಯಾಯಿತು. ಹುಡುಕುವ ಕಣ್ಣು ಬಂದ ಮೇಲೆ ಇನ್ನೂ ಏನೇನೋ ಕಾಣತೊಡಗಿತು. ಕೋಶಗಳಲ್ಲಿ ಕೆಲವಕ್ಕೆ ಒಂದು ತುದಿಯಲ್ಲಿ ದುಂಡನೆಯ ತೂತು. ಅದು ಬ್ರಾಕಿಮೇರಿಯ ಅನ್ನುವ ಬೇರೊಂದು ಕಣಜ ಹೊರಬಂದ ಗುರುತು. ಅದನ್ನು ಯಾರೂ ತಂದು ಬಿಟ್ಟಿರಲಿಲ್ಲ, ತೋಟದಲ್ಲೇ ಇತ್ತು. ಗರಿಯ ಮಡಿಕೆಗಳಲ್ಲಿ ಜೇಡಗಳಿದ್ದವು. ಬೇರಿಗೆ ವಿಷ ಕಟ್ಟುತ್ತಿದ್ದಾಗಲೂ ಇವೆಲ್ಲ ಇದ್ದವೋ ಏನೋ, ನಾವು ಯಾರೂ ನೋಡಿರಲಿಲ್ಲ.

ಇದೇ ಹೊತ್ತಿಗೆ ಬಿಳಿನೊಣದ ಸುದ್ದಿಯೂ ಬಂತು. ಸುರುಳಿ ಸುರುಳಿಯಾಗಿ ಮೊಟ್ಟೆ ಇಡುವ ಈ ನೊಣ ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ಪೊಳ್ಳಾಚಿ ಕಡೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಮಸಿ ಬೆಳೆಯುತ್ತದೆ, ಗರಿ ಮಾತ್ರವಲ್ಲ ಕೆಳಗಿನ ಬಾಳೆಯೂ ಕಪ್ಪಾಗುತ್ತದೆ. ನೋಡಿದವರು ಹೆದರಿ ಔಷಧಿ ಹೊಡೆಯುವುದಕ್ಕೆ ಓಡುತ್ತಾರೆ. ಹೊಡೆಯಬೇಡಿ ಅನ್ನುವುದೇ ತಿಳಿದವರ ಸಲಹೆ. ಎನ್‌ಕಾರ್ಸಿಯ ಅನ್ನುವ ಇನ್ನೊಂದು ಪುಟಾಣಿ ಕಣಜ ಅದರ ಬೆನ್ನು ಹತ್ತಿಯೇ ಬರುತ್ತದೆ, ಔಷಧಿಗೆ ಮೊದಲು ಸಾಯುವುದು ಅದು. ನಾವು ಆಗಲೇ ಗೋನಿ ಬಿಟ್ಟಿದ್ದರಿಂದ ಔಷಧಿ ಹೊಡೆಯುವ ಮಾತೇ ಬರಲಿಲ್ಲ. ಅದೊಂದು ಒಳ್ಳೆಯದಾಯಿತು.

ಮರಕ್ಕೆ ಊಟವನ್ನೂ ಸರಿ ಮಾಡಿದೆವು. ನೀರಾವರಿ ತೆಂಗಿಗೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320 ಗ್ರಾಂ, ಪೊಟ್ಯಾಷ್ 1200 ಗ್ರಾಂ ಅಂತ ಲೆಕ್ಕ. ನಮ್ಮ ಕಡೆ ಯೂರಿಯಾ ಹಾಕುವವರಿದ್ದಾರೆ, ಪೊಟ್ಯಾಷ್ ಹಾಕುವವರು ಕಡಿಮೆ. 1200 ಗ್ರಾಂ ಅಂದರೆ ಎರಡು ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಮರವೊಂದಕ್ಕೆ. ಇದರ ಜೊತೆಗೆ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ, ಸಿಕ್ಕಾಗ ಕೆರೆ ಗೋಡು, ಅಂದರೆ ಕೆರೆಯ ಹೂಳು. ಮಳೆ ಬಿದ್ದ ಕೂಡಲೇ ಸಾಲಿನ ನಡುವೆ ಹುರುಳಿ ಚೆಲ್ಲಿದೆವು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಹುಳ ಹತೋಟಿಗೆ ಬಂತು. ಆದರೆ ತೆಂಗಿನ ಲೆಕ್ಕ ರಾಗಿಯ ಲೆಕ್ಕದ ಹಾಗಲ್ಲ. ಚೆನ್ನಾಗಿರುವ ಮರ ತಿಂಗಳಿಗೆ ಒಂದು ಗರಿ ಬಿಡುತ್ತದೆ, ಒಂದೊಂದು ಗರಿಯ ಕಂಕುಳಲ್ಲಿ ಒಂದೊಂದು ಹೊಂಬಾಳೆ. ಹೊಂಬಾಳೆ ಒಡೆದು ಹರಳು, ಅಂದರೆ ಎಳೆ ಮಿಡಿ, ಕಟ್ಟಿ ಕಾಯಿ ಬಲಿಯುವುದಕ್ಕೆ 12 ತಿಂಗಳು. ಆ ಹೊಂಬಾಳೆಯ ಮೊಳಕೆ ಮರದ ಸುಳಿಯೊಳಗೆ ರೂಪಗೊಳ್ಳುವುದು ಅದಕ್ಕೂ ಎರಡು ಮೂರು ವರ್ಷ ಮುಂಚೆ. ಹುಳ ಜೋರಾಗಿ ತಿಂದ ಮರದಲ್ಲಿ ಮುಂದಿನ ವರ್ಷ ಇಳುವರಿ ನೂರಕ್ಕೆ 45ರಷ್ಟು ಬೀಳುತ್ತದೆ ಅಂತ ಸಂಶೋಧಕರ ಲೆಕ್ಕ. ನಮ್ಮಲ್ಲೂ ಹತ್ತಿರ ಹತ್ತಿರ ಹಾಗೇ ಆಯಿತು. ಗೊನೆಯಲ್ಲಿ ಹರಳು ಉದುರಿದವು, ಉಳಿದ ಕಾಯಿ ಸಣ್ಣಗಾದವು. ಹುಳ ಹೋಗಿ ಎರಡು ವರ್ಷವಾದರೂ ಅದರ ಗುರುತು ಗೊನೆಯಲ್ಲಿತ್ತು.

ಈ ಗುರುತು ಮಂಡಿಯವರೆಗೂ ಹೋಗುತ್ತದೆ. ತಿಪಟೂರು ಸೀಮೆಯಲ್ಲಿ ನಾವು ಮಾಡುವುದು ಉಂಡೆ ಕೊಬ್ಬರಿ, ಅಂದರೆ ಗಿಟಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಎಂಟರಿಂದ ಹನ್ನೆರಡು ತಿಂಗಳು ಅದು ಅಲ್ಲೇ ಇರುತ್ತದೆ. ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಒಳಗೇ ದುಂಡಗೆ ಕೂರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಮಚ್ಚಿನಿಂದ ಚಿಪ್ಪು ಒಡೆದು, ಗಿಟಕಿಗೆ ಏಟು ಬೀಳದ ಹಾಗೆ ತೆಗೆಯಬೇಕು. ಊರಿನ ಹೆಂಗಸರ ಕೈ ಇದರಲ್ಲಿ ಬಹಳ ನುರಿತದ್ದು. ಏಟು ಬಿದ್ದರೆ ಅದು ಹೋಳು, ಬೆಲೆ ಇಳಿಯಿತು. ಒಳಗೆ ಕೆಟ್ಟಿದ್ದರೆ ಕೌಟು, ಎಣ್ಣೆ ಗಾಣಕ್ಕೆ ಹೋಗುತ್ತದೆ. ಸರಿಯಾಗಿ ಒಣಗದೆ ಚೀಲಕ್ಕೆ ತುಂಬಿದರೆ ನೀಲಿ ಹಸಿರು ಹೊಳಪಿನ, ಕೆಂಪು ಕಾಲಿನ ದುಂಬಿ ಬೀಳುತ್ತದೆ.

ತಿಪಟೂರಿನ ದುಂಡು ಕೊಬ್ಬರಿಗೆ ಗಿರಾಕಿ ಉತ್ತರ ಭಾರತ. ಹಬ್ಬಕ್ಕೆ, ಪೂಜೆಗೆ, ಮದುವೆಗೆ ಇಡೀ ಗಿಟಕೇ ಬೇಕು ಅವರಿಗೆ. ಹಾಗಾಗಿ ಗಾತ್ರ, ಬಣ್ಣ, ದುಂಡು ನೋಡಿಯೇ ಬೆಲೆ. ಬೆಂಬಲ ಬೆಲೆಯ ಖರೀದಿ ಕೇಂದ್ರದಲ್ಲೂ ಇಷ್ಟು ಮಿಲಿಮೀಟರ್ ಇರಲೇಬೇಕು ಎಂಬ ಅಳತೆಯುಂಟು. ಹುಳ ತಿಂದ ಮರದ ಸಣ್ಣ ಗಿಟಕು ಅಲ್ಲಿ ನಿಲ್ಲುವುದಿಲ್ಲ. ಎಪಿಎಂಸಿ ಮಾರುಕಟ್ಟೆಯಲ್ಲಿ ವಾರಕ್ಕೆ ಎರಡು ದಿನ ಇ-ಟೆಂಡರ್. ಲಾಟ್ ಇಳಿಸಿ, ನಂಬರ್ ಬರೆಸಿ, ವರ್ತಕರು ಬಂದು ಕೈ ಹಾಕಿ ನೋಡಿ ಹೋದ ಮೇಲೆ ಕಂಪ್ಯೂಟರಿನಲ್ಲಿ ಬೆಲೆ ಹಾಕುತ್ತಾರೆ.

ಆ ಸಣ್ಣ ಕೊಬ್ಬರಿಯನ್ನು ನಾವು ಮಂಡಿಗೆ ಹಾಕಿದ ವರ್ಷ ಧಾರಣೆ ಚೆನ್ನಾಗಿತ್ತು, ಕ್ವಿಂಟಾಲಿಗೆ 15,000ದ ಆಚೆ ಈಚೆ. ನಮ್ಮ ಲಾಟಿಗೆ ಆ ಬೆಲೆ ಬರಲಿಲ್ಲ. ವರ್ತಕರೊಬ್ಬರು ಒಂದು ಗಿಟಕು ಎತ್ತಿಕೊಂಡು, ಅಂಗೈಯಲ್ಲಿ ತೂಗಿ, ಮತ್ತೆ ಹಾಕಿ ಮುಂದಕ್ಕೆ ಹೋದರು. ಅವರ ತಪ್ಪೇನಿಲ್ಲ, ಅವರಿಗೆ ಕಾಣುವುದು ಆ ದಿನದ ಸರಕು. ನನಗೆ ಕಂಡದ್ದು ಬಿಸಿಲಿಗೆ ಹಿಡಿದ ಆ ಎಲೆ.

ಮರಗಳು ಪೂರ್ತಿ ಚೇತರಿಸಿಕೊಂಡು ಅಟ್ಟ ತುಂಬಿದ ಹೊತ್ತಿಗೆ 2023 ಬಂತು. ಕೊಬ್ಬರಿ 8,000ದ ಹತ್ತಿರಕ್ಕೆ ಬಿತ್ತು. ಆ ವರ್ಷದ ಬೆಂಬಲ ಬೆಲೆ 11,750. ತಾಲ್ಲೂಕಿನಲ್ಲಿ ಹೋರಾಟಗಳಾದವು, ಖರೀದಿ ಕೇಂದ್ರದ ಮುಂದೆ ರಾತ್ರಿಯಿಂದಲೇ ಸಾಲು ನಿಂತವರಿದ್ದರು. ನಮ್ಮ ಗಿಟಕಿಗೆ ಗಾತ್ರದ ತಕರಾರು ಬರಲಿಲ್ಲ. ಬೆಲೆ ಬೀಳುವುದನ್ನು ತಡೆಯುವ ಶಕ್ತಿ ನಮಗಿರಲಿಲ್ಲ, ಆದರೆ ಬೆಂಬಲ ಬೆಲೆಗೆ ಅರ್ಹವಾದ ಕೊಬ್ಬರಿ ಕೈಯಲ್ಲಿತ್ತು. ಸಣ್ಣ ಕೊಬ್ಬರಿ ಇದ್ದವರು ಅದನ್ನು 8,000ಕ್ಕೇ ಕೊಟ್ಟು ಬಂದರು. ಹುಳದ ಕೆಲಸಕ್ಕೆ ಕೂಲಿ ಸಿಕ್ಕಿದ್ದು ಅಂತ ಏನಾದರೂ ಇದ್ದರೆ ನನ್ನ ಪ್ರಕಾರ ಅದು ಆ ವರ್ಷ ಸಿಕ್ಕಿತು.

2025ರ ಮಳೆಗಾಲಕ್ಕೆ ಅದೇ ಕೊಬ್ಬರಿ 30,000ದ ಸುತ್ತ ಮಾರಿತು. ಬೆಲೆ ಏರಿದ್ದಕ್ಕೆ ಎಲ್ಲರೂ ಸಂತೋಷಪಟ್ಟರು ಅಂದುಕೊಳ್ಳಬೇಡಿ. ಬೆಲೆ ಏರಿದ್ದೇ ಕಾಯಿ ಇಲ್ಲದ್ದಕ್ಕೆ. 2023ರ ಬರ, ಮರುವರ್ಷದ ಸುಡುಬಿಸಿಲು, ಅದರ ಹಿಂದೆಯೇ ಕಪ್ಪುತಲೆ ಹುಳ, ಬಿಳಿನೊಣ. ಅಟ್ಟ ಖಾಲಿ ಇದ್ದವರಿಗೆ 30,000 ಅನ್ನುವುದು ಪೇಪರಿನಲ್ಲಿ ಓದುವ ಸುದ್ದಿ. ಬೆಲೆ ಬಂದ ಮೇಲೆ ಮರದ ಕಡೆ ತಿರುಗಿ ನೋಡಿದವರನ್ನು ಬಹಳ ಕಂಡೆ. ಅವತ್ತು ಹಾಕಿದ ಗೊಬ್ಬರ, ಅವತ್ತು ಬಿಟ್ಟ ಕಣಜ, ಗಿಟಕಾಗಿ ಚೀಲ ಸೇರುವುದಕ್ಕೆ ಇನ್ನೂ ಎರಡು ಮೂರು ವರ್ಷ ಬೇಕು. ಆಗ ಧಾರಣೆ ಎಷ್ಟಿರುತ್ತದೋ ಯಾರಿಗೆ ಗೊತ್ತು? ಹಾಗಾಗಿ ನಾವು ಧಾರಣೆ ನೋಡಿ ಹುಳದ ಕೆಲಸ ಮಾಡುವುದನ್ನು ಬಿಟ್ಟಿದ್ದೇವೆ. ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ತೋಟದ ನಾಲ್ಕೂ ಮೂಲೆಯಿಂದ ಒಂದೊಂದು ಗರಿ ಇಳಿಸುತ್ತೇವೆ, ತಿರುಗಿಸುತ್ತೇವೆ. ಸುರಂಗ ಕಂಡರೆ ಅದೇ ವಾರ ಪ್ರಯೋಗಾಲಯಕ್ಕೆ ಹೆಸರು ಕೊಡುತ್ತೇವೆ.

ಮಾಡಬೇಕು ಅನ್ನುವವರಿಗೆ ಇಷ್ಟು ಹೇಳಬಲ್ಲೆ. ಕಣಜ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ, ಬೇಡಿಕೆ ಕೊಟ್ಟ ಮೇಲೆ ಸಾಕಿ ಕೊಡಬೇಕು. ಬೇಸಿಗೆಯಲ್ಲಿ ಎಲ್ಲರೂ ಒಟ್ಟಿಗೆ ಕೇಳುವುದರಿಂದ ಸಾಲದೇ ಬರುತ್ತದೆ. ಮುಂಚಿತವಾಗಿ, ಮರಗಳ ಲೆಕ್ಕದ ಸಮೇತ, ಅಕ್ಕಪಕ್ಕದವರ ಹೆಸರನ್ನೂ ಸೇರಿಸಿ ಕೊಟ್ಟರೆ ಅವರಿಗೂ ಅನುಕೂಲ. ತಿಪಟೂರು ಕಡೆಯವರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಗರಿ ತೋರಿಸಿ ಕೇಳಬಹುದು. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಸುರಂಗವಿರುವ ಗರಿಯ ತುಂಡೊಂದನ್ನು ಹಿಡಿದುಕೊಂಡು ಹೋಗಿ. ಒಳಗಿರುವುದು ಹುಳವೋ ಕೋಶವೋ ಅಂತ ನೋಡಿದರೆ ಯಾವಾಗ ಬಿಡಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ನಮ್ಮ ಸಾಲಿನ ತೋಟಗಳ ಪಟ್ಟಿ ಈಗ ದೊಡ್ಡಪ್ಪನ ಹತ್ತಿರವಿದೆ. ಮೂಡಣ ಬೇಲಿಯ ಆ ಬೆಂಗಳೂರಿನ ಮಾಲೀಕರು ಈ ಸಲ ತಾವೇ ಫೋನ್ ಮಾಡಿ ತಮ್ಮ ಮರಗಳ ಲೆಕ್ಕ ಬರೆಸಿದರು. ಬರುವುದಕ್ಕೆ ಆಗದಿದ್ದರೆ ಗೇಟಿನ ಬೀಗದ ಕೈ ನಮ್ಮತ್ತೆಯ ಹತ್ತಿರ ಕೊಟ್ಟಿರುತ್ತಾರಂತೆ.